ಬೇಲಿ ನೋಡುವ ಹೋರೇಸ್ ಪಿಂಡರ್

ವೆಸ್ಟ್ ಟನ್‌ಬ್ರೂಕಿನ ಶಾಲೆಯಲ್ಲಿ ಎರಡನೆಯ ತರಗತಿಯವರೂ ಮೂರನೆಯ ತರಗತಿಯವರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಆ ಕೋಣೆಯಲ್ಲಿ ಹತ್ತೊಂಬತ್ತು ಮಕ್ಕಳು, ಒಬ್ಬಳು ಟೀಚರು, ಒಂದು ಬಟ್ಟೆಯ ಮುಳ್ಳುಹಂದಿ. ಟೀಚರ ಹೆಸರು ವರ್ನಾ ಕಾಬ್. ಮುಳ್ಳುಹಂದಿಯ ಹೆಸರು ಹೋರೇಸ್ ಪಿಂಡರ್.

ಹೋರೇಸ್ ಒಂದು ಕಥೆಪುಸ್ತಕದಿಂದ ಬಂದವನು. ಆ ಪುಸ್ತಕದಲ್ಲಿ ಅವನು ಮಾಡುವುದು ಒಂದೇ ಕೆಲಸ: ಎರಡು ಹೊಲಗಳ ನಡುವಿನ ಬೇಲಿಯ ಮೇಲೆ ಕೂತುಕೊಳ್ಳುವುದು. ಹಸು ಬಂದು ಈ ಕಡೆ ಇಳಿ ಅನ್ನುತ್ತದೆ, ಕುದುರೆ ಬಂದು ಆ ಕಡೆ ಇಳಿ ಅನ್ನುತ್ತದೆ. ಅವನು ಎಲ್ಲರಿಗೂ ಹೇಳುವುದು ಒಂದೇ ಮಾತು: “ತಡಿ, ಯೋಚಿಸ್ತಾ ಇದೀನಿ.” ಮೂವತ್ತೆರಡು ಪುಟ ಯೋಚಿಸಿ ಕೊನೆಯ ಪುಟದಲ್ಲಿ ನಿದ್ದೆ ಹೋಗುತ್ತಾನೆ. ಮಕ್ಕಳಿಗೆ ಆ ಕಥೆ ಎಷ್ಟು ಹಿಡಿಸಿತೆಂದರೆ, ವರ್ನಾ ಒಂದು ಭಾನುವಾರ ಕೂತು ಹಳೆಯ ಕಂಬಳಿಯಿಂದ ಅವನನ್ನು ಹೊಲಿದೇಬಿಟ್ಟಳು. ಮುಳ್ಳುಗಳಿಗೆ ಕಂದು ಬಣ್ಣದ ಶೂ ದಾರದ ತುಂಡುಗಳು. ಕಣ್ಣುಗಳಿಗೆ ಎರಡು ಗುಂಡಿ, ಒಂದು ಕೋಟಿನದು, ಒಂದು ಅಂಗಿಯದು. ಹಾಗಾಗಿ ಹೋರೇಸನ ಒಂದು ಕಣ್ಣು ಯಾವಾಗಲೂ ಆಶ್ಚರ್ಯದಲ್ಲಿರುತ್ತಿತ್ತು.

ಅಕ್ಟೋಬರಿನಿಂದ ಅವನು ಪ್ರತಿ ಶುಕ್ರವಾರ ಒಂದೊಂದು ಮಗುವಿನ ಮನೆಗೆ ಹೋಗುತ್ತಿದ್ದ. ಜೊತೆಗೆ ಒಂದು ನೀಲಿ ನೋಟ್‌ಬುಕ್. ಶನಿವಾರ, ಭಾನುವಾರ ಹೋರೇಸ್ ಏನೇನು ಮಾಡಿದ ಎಂದು ಆ ಮಗು ಅದರಲ್ಲಿ ಬರೆಯಬೇಕು, ಸೋಮವಾರ ತರಗತಿಯ ಮುಂದೆ ನಿಂತು ಓದಬೇಕು. ಇಪ್ಪತ್ತಾರು ವರ್ಷದಿಂದ ಪಾಠ ಹೇಳುತ್ತಿದ್ದ ವರ್ನಾಳಿಗೆ ಚೆನ್ನಾಗಿ ಗೊತ್ತಿತ್ತು, ಮಕ್ಕಳಿಗೆ ತಮ್ಮ ಬಗ್ಗೆ ಬರೆಯಿರಿ ಎಂದರೆ ಪೆನ್ಸಿಲ್ ಕಚ್ಚುತ್ತಾರೆ, ಮುಳ್ಳುಹಂದಿಯ ಬಗ್ಗೆ ಬರೆಯಿರಿ ಎಂದರೆ ಮನೆಯ ಗುಟ್ಟೆಲ್ಲ ಹೊರಗೆ ಬರುತ್ತದೆ. “ಹೋರೇಸ್ ಹನ್ನೊಂದು ಡೋನಟ್ ತಿಂದ” ಎಂದು ಡ್ಯೂಯಿ ಬರೆದಿದ್ದ. ಅದರ ಕೆಳಗೆ ಅವನ ತಾಯಿಯ ಅಕ್ಷರದಲ್ಲಿ, “ಹೋರೇಸ್ ಅಲ್ಲ, ಡ್ಯೂಯಿ.” ಒಂದು ವಾರ ಹೋರೇಸ್ ಹೆಪ್ಪುಗಟ್ಟಿದ ಕೆರೆಯ ಮೇಲೆ ಹಿಮದ ಗಾಡಿ ಓಡಿಸಿದ್ದ. ಇನ್ನೊಂದು ವಾರ ಯಾರದೋ ಅಜ್ಜನ ಒಳಚಡ್ಡಿಗಳ ಜೊತೆ ವಾಷಿಂಗ್ ಮೆಷಿನ್ನಿನಲ್ಲಿ ತಿರುಗಿದ್ದ.

ಸರದಿ ಅಕ್ಷರಮಾಲೆಯ ಪ್ರಕಾರ. ಪಟ್ಟಿಯ ಕೊನೆಯಲ್ಲಿ, ಹತ್ತೊಂಬತ್ತನೆಯವಳಾಗಿ, ಟಾಮ್ಸಿನ್ ವಿಗಿನ್ಸ್.

ಎಂಟು ವರ್ಷದ ಟಾಮ್ಸಿನ್ ಎಲ್ಲದರಲ್ಲೂ ಕೊನೆ. ಹುಟ್ಟಿದ ಮನೆಯ ಹೆಸರು ಡಬ್ಲ್ಯೂನಿಂದ ಶುರುವಾದರೆ ಅಷ್ಟೇ. ಊಟದ ಸಾಲಿನಲ್ಲಿ ಅವಳು ಹೋಗುವ ಹೊತ್ತಿಗೆ ಚಾಕೊಲೇಟ್ ಹಾಲು ಮುಗಿದಿರುತ್ತಿತ್ತು. ಅವಳು ಅಳುವ ಹುಡುಗಿಯಲ್ಲ, ಕೇಳುವ ಹುಡುಗಿಯೂ ಅಲ್ಲ. ತನ್ನ ಡೆಸ್ಕಿನ ಒಳಗೆ ಅಂಟಿಸಿದ ಒಂದು ಚೀಟಿಯಲ್ಲಿ ಪ್ರತಿ ಶುಕ್ರವಾರ ಒಂದು ಗೆರೆ ಎಳೆಯುತ್ತಿದ್ದಳು, ಅಷ್ಟೇ. ಮಾರ್ಚಿಯ ಮೊದಲ ವಾರಕ್ಕೆ ಹದಿನೆಂಟು ಗೆರೆಗಳಾಗಿದ್ದವು. ಬರುವ ಶುಕ್ರವಾರ ಅವಳದು.

ಅದರ ಮುಂದಿನ ವಾರದ ಶನಿವಾರ ಅವಳ ಮನೆಯವರು ಊರು ಬಿಡುವವರಿದ್ದರು. ಮರ ಕೊಯ್ಯುವ ಕಾರ್ಖಾನೆ ಮುಚ್ಚಿ, ತಂದೆಗೆ ಮೇನ್ ರಾಜ್ಯದಲ್ಲಿ ದೋಣಿ ಕಟ್ಟುವ ಕೆಲಸ ಸಿಕ್ಕಿತ್ತು. ಹಾಗಾಗಿ ಸಿಕ್ಕರೆ ಈ ಶುಕ್ರವಾರ, ಇಲ್ಲವಾದರೆ ಎಂದೂ ಇಲ್ಲ. ವರ್ನಾ ಅವಳಿಗೆ ಕ್ರಿಸ್ಮಸ್ಸಿಗೆ ಮೊದಲೇ ಮಾತು ಕೊಟ್ಟಿದ್ದಳು: “ಏನೇ ಆಗ್ಲಿ ಟಾಮ್ಸಿನ್, ನಿನ್ನ ವಾರ ನಿಂದೇ.”

ಏನೇ ಆಗಲಿ ಎಂದು ಹೇಳುವಾಗ ಮನುಷ್ಯರು ಯಾರೂ ಊರ ಸಭೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

*

ಮಾರ್ಚಿಯ ಮೊದಲ ಮಂಗಳವಾರ ವರ್ಮಾಂಟ್ ರಾಜ್ಯದ ಹಳ್ಳಿಗಳಲ್ಲಿ ಊರ ಸಭೆ. ಊರಿನ ದೊಡ್ಡವರೆಲ್ಲ ಶಾಲೆಯ ಆಟದ ಹಾಲ್‌ನಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತು, ರಸ್ತೆಗೆ ಮರಳು ಎಷ್ಟು, ಅಗ್ನಿಶಾಮಕ ಗಾಡಿಗೆ ಚಕ್ರ ಬೇಕೋ ಬೇಡವೋ, ಎಲ್ಲವನ್ನೂ ಕೈ ಎತ್ತಿ ತೀರ್ಮಾನಿಸುತ್ತಾರೆ. ಹಿಂದಿನ ದಿನ ಹಿಮ ಬಿದ್ದು ಶಾಲೆಗೆ ರಜೆ ಇದ್ದುದರಿಂದ, ಹದಿನೆಂಟನೆಯವನಾದ ರಾಯ್ಸ್ ವಿಟ್‌ಕಂಬ್ ಹೋರೇಸನನ್ನು ಇನ್ನೂ ವಾಪಸು ಕೊಟ್ಟಿರಲಿಲ್ಲ. ಅವನ ತಾಯಿ ಊಟದ ಸಿಹಿ ಪೈ ಹಂಚುವ ಮೇಜಿನಲ್ಲಿದ್ದಳು. ರಾಯ್ಸ್ ಹೋರೇಸನನ್ನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಚಳಿಯಾಗದಿರಲಿ ಎಂದು ಅಪ್ಪನ ಕೋಟು ಹೊದಿಸಿ, ಮೇಲೆ ಟೋಪಿ ಇಟ್ಟ.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಅಡುಗೆಮನೆಯಿಂದ ಬೆಂದ ಹುರುಳಿಯ ವಾಸನೆ ಬರುತ್ತಿತ್ತು. ಊಟಕ್ಕೆ ಮೊದಲು ಉಳಿದಿದ್ದು ಒಂದೇ ವಿಷಯ, ಬೇಲಿ ನೋಡುವವರ ಆಯ್ಕೆ. ಇಬ್ಬರ ನಡುವೆ ಬೇಲಿಯ ಜಗಳವಾದರೆ ಹೋಗಿ ನೋಡಿ ನ್ಯಾಯ ಹೇಳುವುದು ಈ ಪದವಿಯ ಕೆಲಸ. ನಲವತ್ತೊಂದು ವರ್ಷದಿಂದ ಯಾರೂ ಅವರನ್ನು ಕರೆದಿರಲಿಲ್ಲ. ಆದರೂ ಇನ್ನೂರು ವರ್ಷದ ಹಿಂದೆ ಯಾರೋ ಮೂವರು ಬೇಕು ಎಂದು ಬರೆದಿಟ್ಟಿದ್ದರಿಂದ ಮೂವರನ್ನು ಆರಿಸುತ್ತಿದ್ದರು. ಒಬ್ಬ ವೆಂಡೆಲ್ ಸ್ಟೆಬಿನ್ಸ್, ಮಂಡಿ ನೋವಿನ ಮುದುಕ. ಎರಡನೆಯವನು ಎಜ್ರಾ, ತೀರಿಕೊಂಡು ಎರಡು ವರ್ಷವಾಗಿದ್ದರೂ ಮರ್ಯಾದೆಗೆ ಹೆಸರು ಉಳಿಸಿಕೊಂಡಿದ್ದರು. ಮೂರನೆಯವನು ಫ್ಲೋರಿಡಾಗೆ ಹೋಗಿಬಿಟ್ಟಿದ್ದ. ಆ ಜಾಗವನ್ನು ಸಭೆಯಿಂದ ಎದ್ದು ಹೊರಗೆ ಹೋದವರ ತಲೆಗೆ ಕಟ್ಟುವುದು ಊರಿನ ರೂಢಿ.

ದನ ಸಾಕುವ ವಿಲ್ಮಾ ಬ್ಯಾಚೆಲ್ಡರ್ ಹಸಿದಿದ್ದಳು. ಹಿಂದೆ ತಿರುಗಿ ರಾಯ್ಸ್‌ನನ್ನು ಕೇಳಿದಳು, “ಈ ಕೋಟು ಯಾರದೋ?”

“ಹೋರೇಸ್ ಪಿಂಡರ್ ಹಾಕ್ಕೊಂಡಿರೋದು,” ಎಂದ ಹುಡುಗ, ಸುಳ್ಳು ಹೇಳದೆ.

“ಎಲ್ಲಿ ಅವನು?”

“ಇಲ್ಲೇ ಇದಾನೆ. ಯೋಚಿಸ್ತಾ ಇದಾನೆ.”

ಗಂಡಸರು ಎಲ್ಲಿಗೆ ಹೋಗಿ ಯೋಚಿಸುತ್ತಾರೆಂದು ವಿಲ್ಮಾಗೆ ತಿಳಿದಿತ್ತು. ಪಾಯಿಖಾನೆಯ ಕಡೆಗೊಮ್ಮೆ ನೋಡಿ ಕೈ ಎತ್ತಿದಳು. “ಹೋರೇಸ್ ಪಿಂಡರ್!”

ಸಭಾಧ್ಯಕ್ಷ ಆಲ್ಡೆನ್ ಕನ್ನಡಕ ಸರಿಮಾಡಿಕೊಂಡ. “ಪಿಂಡರ್... ಗೊತ್ತಲ್ವಾ ಎಲ್ಲರಿಗೂ?”

ಟನ್‌ಬ್ರೂಕಿನವರು ಸಾಯಲಿಕ್ಕೆ ಬೇಕಾದರೆ ಒಪ್ಪಿಯಾರು, ನೆರೆಯವನ ಗುರುತಿಲ್ಲ ಎಂದು ಬಾಯಿ ಬಿಟ್ಟು ಹೇಳಲು ಒಪ್ಪುವವರಲ್ಲ. ಹಾಗೆ ಹೇಳಿದರೆ ಮೊನ್ನೆ ಮೊನ್ನೆ ನಗರದಿಂದ ಬಂದವರ ಸಾಲಿಗೆ ಸೇರಿದ ಹಾಗೆ.

“ಗೊತ್ತು ಗೊತ್ತು. ಗುಡ್ಡದ ಮೇಲಿನ ಮನೆಯೋನು.”

“ಮಾತು ಕಮ್ಮಿ, ಪಾಪ.”

“ಅವರಪ್ಪನೂ ಹಂಗೇ ಇದ್ದ ಕಣಯ್ಯಾ.”

“ಅವನ ಹೆಂಡ್ತಿ ನಮ್ಮ ಚಿಕ್ಕಮ್ಮನ ಊರಿನೋಳು.”

ಎಲ್ಲ ಕೈಗಳೂ ಮೇಲೆದ್ದವು. ಅಡುಗೆಮನೆಯಲ್ಲಿ ಸೇಬಿನ ಪೈ ಕತ್ತರಿಸುತ್ತಿದ್ದ ವರ್ನಾಗೆ ಹೆಸರು ಕಿವಿಗೆ ಬಿದ್ದು, ಚಾಕು ಹಿಡಿದುಕೊಂಡೇ ಹೊರಗೆ ಓಡಿಬಂದಳು. ಅಷ್ಟರಲ್ಲಿ ಊಟದ ಸಾಲು ಶುರುವಾಗಿ ಅವಳನ್ನೇ ತಳ್ಳಿಕೊಂಡು ಹೋಯಿತು. “ಚಾಕು ಕೆಳಗಿಡೇ ವರ್ನಾ, ಯಾರ್ಗಾದ್ರೂ ಚುಚ್ಚೀಯ,” ಎಂದರು ಜನ. ಇರಲಿ ಬಿಡು, ನಲವತ್ತೊಂದು ವರ್ಷದಿಂದ ಕರೆಯದವರು ಈಗೇನು ಕರೆಯುತ್ತಾರೆ ಎಂದುಕೊಂಡು ಅವಳೂ ತಟ್ಟೆ ಹಿಡಿದಳು.

*

ಮಾರನೆಯ ದಿನವೇ ಕರೆದರು.

ಬುಧವಾರ ಎರಡನೆಯ ಪೀರಿಯಡ್ಡಿನಲ್ಲಿ ಊರ ಗುಮಾಸ್ತೆ ಲಿಯೋನಾ ಸ್ಟೆಬಿನ್ಸ್ ತರಗತಿಯ ಬಾಗಿಲಲ್ಲಿ ನಿಂತಿದ್ದಳು. ಊರಿನ ಜಮೀನು, ಹುಟ್ಟು, ಸಾವು, ಮದುವೆ, ನಾಯಿ, ಎಲ್ಲದರ ದಾಖಲೆಯೂ ಅವಳ ಕಬ್ಬಿಣದ ಕೋಣೆಯಲ್ಲಿತ್ತು. ಶಾಯಿಯಲ್ಲಿ ಬರೆದದ್ದನ್ನು ಅವಳು ಎಂದೂ ಹೊಡೆದುಹಾಕಿದವಳಲ್ಲ. ಬೇಲಿ ನೋಡುವ ವೆಂಡೆಲ್ ಅವಳ ಗಂಡ.

“ಪಿಂಡರ್ ಅವರು ಇಲ್ಲಿ ಸಿಗ್ತಾರೆ ಅಂತ ವಿಟ್‌ಕಂಬ್ ಹುಡುಗ ಹೇಳ್ದ,” ಎಂದಳು.

ಹತ್ತೊಂಬತ್ತು ಬೆರಳುಗಳು ಕಿಟಕಿಯ ಕಡೆಗೆ ತೋರಿಸಿದವು. ಕಿಟಕಿಯ ಕಟ್ಟೆಯ ಮೇಲೆ ಹೋರೇಸ್ ಒಂದು ಕಣ್ಣಿನಲ್ಲಿ ಆಶ್ಚರ್ಯಪಡುತ್ತಾ ಕೂತಿದ್ದ.

ಲಿಯೋನಾ ಬಹಳ ಹೊತ್ತು ನೋಡಿದಳು. ಶಾಯಿಯಲ್ಲಿ ಬರೆದಾಗಿತ್ತು. ನೂರ ಹನ್ನೆರಡು ಜನ ಕೈ ಎತ್ತಿದ್ದರು, ಅದರಲ್ಲಿ ಒಂದು ಕೈ ಅವಳದೇ. ಅವನ ತಂದೆಯೂ ಹಾಗೇ ಇದ್ದ ಎಂದು ಹೇಳಿದವನು ಅವಳ ಗಂಡನೇ.

“ಓ,” ಎಂದಳು. “ಇವರೇನಾ.”

“ಲಿಯೋನಾ, ಒಂದ್ನಿಮಿಷ ಹೊರಗೆ ಬಾ,” ಎಂದಳು ವರ್ನಾ.

“ಹೊರಗೇನು? ವಿಲ್ಮಾ ಪಕ್ಕದ ಹೊಲದ ಡ್ಯುಕೆಟ್ ಬೆಳಿಗ್ಗೆ ಎಂಟಕ್ಕೇ ಅರ್ಜಿ ಕೊಟ್ಟಿದಾನೆ. ವಿಲ್ಮಾ ಹಸುಗಳು ಬೇಲಿ ದಾಟಿ ಅವನ ಕ್ರಿಸ್ಮಸ್ ಗಿಡ ಮೇಯ್ದಿವೆಯಂತೆ. ಶನಿವಾರ ಒಂಬತ್ತಕ್ಕೆ ಹೋಗಿ ನೋಡ್ಬೇಕು. ಇಬ್ಬರಾದ್ರೂ ಇರಲೇಬೇಕು ಅಂತ ಕಾನೂನು. ನಮ್ಮ ಯಜಮಾನರೊಬ್ರು. ಎಜ್ರಾ ಬರೋ ಹಾಗಿಲ್ಲ.” ಅವಳು ಹೋರೇಸನನ್ನು ಕಂಕುಳಲ್ಲಿ ಎತ್ತಿಕೊಂಡಳು. “ಪ್ರಮಾಣವಚನ ಆಗ್ಬೇಕು. ಅಲ್ಲೀವರೆಗೂ ಇವರು ಆಫೀಸಿನಲ್ಲಿರ್ಲಿ. ಇದೇನು ಪುಸ್ತಕ?”

“ಅವನ ದಿನಚರಿ!” ಎಂದ ಡ್ಯೂಯಿ ಹೆಮ್ಮೆಯಿಂದ.

“ಹಾಗಾದ್ರೆ ಇದೂ ಬೇಕು.”

ಇದು ಕಂಬಳಿ ಕಣೇ, ಒಳಗೆ ಹತ್ತಿ ಇದೆ, ನಾನೇ ತುಂಬಿದ್ದು. ಈ ಮಾತು ವರ್ನಾಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹತ್ತೊಂಬತ್ತು ಮುಖಗಳು ಅವಳನ್ನು ನೋಡುತ್ತಿದ್ದವು. ಅಕ್ಟೋಬರಿನಲ್ಲಿ ಡ್ಯೂಯಿ ಹೋರೇಸನ ಮೇಲೆ ಕಾಲಿಟ್ಟಾಗ ಅವನಿಂದ ಕ್ಷಮೆ ಕೇಳಿಸಿದವಳು ಅವಳೇ. ಹೋರೇಸನಿಗೆ ನೋವಾಗುತ್ತದೆ ಎಂದಿದ್ದಳು. ಹೋರೇಸ್ ಕೇಳಿಸಿಕೊಳ್ಳುತ್ತಾನೆ ಎಂದಿದ್ದಳು. ಈಗ ಹತ್ತಿ ಎಂದರೆ ಆ ಐದು ತಿಂಗಳು ಎಲ್ಲಿಗೆ ಹೋಗಬೇಕು?

ಲಿಯೋನಾ ಹೊರಟುಹೋದಳು. ಟಾಮ್ಸಿನ್ ಡೆಸ್ಕಿನ ಮುಚ್ಚಳ ಎತ್ತಿ ತನ್ನ ಹದಿನೆಂಟು ಗೆರೆಗಳನ್ನು ನೋಡಿ, ಸದ್ದಿಲ್ಲದೆ ಮುಚ್ಚಿದಳು. ಆ ಮುಚ್ಚಳ ಸದ್ದು ಮಾಡಿದ್ದರೆ ವರ್ನಾಗೆ ಎಷ್ಟೋ ಸಮಾಧಾನವಾಗುತ್ತಿತ್ತು.

*

ಗುರುವಾರ ಶಾಲೆ ಬಿಟ್ಟ ಮೇಲೆ ವರ್ನಾ ಊರ ಆಫೀಸಿಗೆ ಹೊರಟಾಗ ಟಾಮ್ಸಿನ್ ಕೂಡ ಹಿಂದೆಯೇ ಬಂದಳು. ಬರಬೇಡ ಎನ್ನಲು ವರ್ನಾಗೆ ಮನಸ್ಸಾಗಲಿಲ್ಲ.

ಹೋರೇಸನನ್ನು ಒಂದು ಕುರ್ಚಿಯಲ್ಲಿ, ಕೆಳಗೆ ಎರಡು ದಪ್ಪ ದಾಖಲೆ ಪುಸ್ತಕ ಇಟ್ಟು, ಮೇಜಿಗೆ ಸಮವಾಗಿ ಕೂರಿಸಿದ್ದರು. ಎದುರಿಗೆ ಒಂದು ಲೋಟ ಕಾಫಿಯೂ ಇತ್ತು. ಲಿಯೋನಾ ನೀಲಿ ನೋಟ್‌ಬುಕ್ಕನ್ನು ಬೆರಳಿಟ್ಟು ಓದುತ್ತಿದ್ದಳು.

“ಲೈಸೆನ್ಸ್ ಇಲ್ದೆ ಹಿಮದ ಗಾಡಿ ಓಡಿಸಿದಾರೆ,” ಎಂದಳು ತಲೆ ಎತ್ತದೆ. “ಜನವರಿ ಹದಿನೆಂಟು. ಚರ್ಚಿನಲ್ಲಿ ಪ್ರಾರ್ಥನೆ ನಡೀತಿರೋವಾಗ ಮಲಗಿದಾರೆ. ಅದನ್ನ ನಾನು ದೊಡ್ಡದು ಮಾಡಲ್ಲ, ವೆಂಡೆಲೂ ಮಲಗ್ತಾರೆ.”

“ಪ್ರಮಾಣ ಆಯ್ತಾ?”

“ಅದೇ ತೊಂದರೆ. ನಾನು ಓದಿದ್ದಾಯ್ತು. ಅವರು ಹೂಂ ಅಂತಿಲ್ಲ, ಊಹೂಂ ಅಂತಾನೂ ಇಲ್ಲ. ಮೂರು ಸಲ ಕೇಳ್ದೆ.”

“ಯೋಚಿಸ್ತಾ ಇದಾನೆ,” ಎಂದಳು ಟಾಮ್ಸಿನ್.

ಇಬ್ಬರು ಹೆಂಗಸರೂ ಅವಳತ್ತ ತಿರುಗಿದರು. ಆ ಹುಡುಗಿ ತಾನಾಗಿ ಬಾಯಿ ಬಿಟ್ಟಿದ್ದನ್ನು ವರ್ನಾ ವರ್ಷದಲ್ಲಿ ಎರಡೋ ಮೂರೋ ಸಲ ಕೇಳಿದ್ದಳು.

“ನಿಂಗೆ ಹೇಗೆ ಗೊತ್ತು?” ಎಂದಳು ಲಿಯೋನಾ.

“ಕೇಳ್ಬೇಕು. ಕಾಯ್ಬೇಕು.” ಟಾಮ್ಸಿನ್ ಕುರ್ಚಿಯ ಹತ್ತಿರ ಹೋಗಿ, ಶೂ ದಾರದ ಮುಳ್ಳುಗಳ ನಡುವೆ ಕಿವಿ ಇಟ್ಟಳು. ಗೋಡೆಯ ಗಡಿಯಾರ ಒಂದು ನಿಮಿಷ ನಡೆಯಿತು. ಎರಡು ನಿಮಿಷ ನಡೆಯಿತು. ಲಿಯೋನಾ ತಾನೂ ಉಸಿರು ಹಿಡಿದಿದ್ದು ಗೊತ್ತಾಗಿ ಕೆಮ್ಮಿದಳು.

“ಹೂಂ ಅಂದ,” ಎಂದಳು ಟಾಮ್ಸಿನ್. “ಆದ್ರೆ ಕಾಫಿ ಬೇಡವಂತೆ.”

ಲಿಯೋನಾ ಶಾಯಿಯಲ್ಲಿ ಬರೆದುಕೊಂಡಳು. ವರ್ನಾಗೆ ಇದೇ ಸಮಯ ಎನ್ನಿಸಿತು. “ನೋಡು ಲಿಯೋನಾ, ಅವನ ಮಾತು ತಿಳಿಯೋಳು ಈ ಹುಡುಗಿ ಒಬ್ಬಳೇ. ನೀನು ಒಬ್ಬಳೇ ಶನಿವಾರ ಕರ್ಕೊಂಡು ಹೋಗಿ ಬೇಲಿ ಮುಂದೆ ನಿಂತ್ಕೊಂಡು ಏನ್ಮಾಡ್ತೀಯ? ನಾಳೆ ಶುಕ್ರವಾರದಿಂದ ಸೋಮವಾರದವರೆಗೂ ಅವನು ಇವಳ ಮನೇಲಿರ್ಲಿ. ಶನಿವಾರ ಒಂಬತ್ತಕ್ಕೆ ಸರಿಯಾಗಿ ಇವಳು ಅವನನ್ನ ಬೇಲಿ ಹತ್ರ ತರ್ತಾಳೆ.”

“ಅಧಿಕಾರಿಗಳನ್ನ ಮಕ್ಕಳ ಕೈಗೆ ಕೊಡೋದಾ? ಒಳಚಡ್ಡಿ ಜೊತೆ ತೊಳೆದಿದಾರೆ ಅವರನ್ನ!”

“ಅದು ಆಂಡ್ರೂಸ್ ಮನೆಯೋರು,” ಎಂದಳು ಟಾಮ್ಸಿನ್. “ನಾವು ತೊಳೆಯಲ್ಲ.”

ಲಿಯೋನಾ ಲೇಖನಿಯ ಹಿಂದಿನ ತುದಿಯಿಂದ ಹಲ್ಲು ತಟ್ಟಿಕೊಂಡಳು. ಅವಳಿಗೂ ಬೇರೆ ದಾರಿ ಇರಲಿಲ್ಲ. ಶನಿವಾರ ನ್ಯಾಯ ನಡೆಯದಿದ್ದರೆ ಡ್ಯುಕೆಟ್ ಜಿಲ್ಲಾ ಕೋರ್ಟಿಗೆ ಹೋಗುತ್ತಾನೆ. ಅಲ್ಲಿ ಪಿಂಡರ್ ಯಾರು ಎಂದು ಕೇಳುತ್ತಾರೆ. ಆಗ ಟನ್‌ಬ್ರೂಕಿನ ನೂರ ಹನ್ನೆರಡು ಜನ ಉತ್ತರ ಹೇಳಬೇಕು.

“ಆದ್ರೆ ತೀರ್ಪು ಬರವಣಿಗೇಲಿ ಬೇಕು,” ಎಂದಳು. “ಸೋಮವಾರ ಬೆಳಿಗ್ಗೆ. ಇದೇ ಪುಸ್ತಕದಲ್ಲಿ. ಮತ್ತೆ ಅವರಿಗೆ ಡೋನಟ್ ಕೊಡ್ಬೇಡ.”

*

ಶನಿವಾರ ಕೆಸರಿನ ಕಾಲ ಶುರುವಾಗಿತ್ತು. ಮೇಪಲ್ ಮರಗಳಿಗೆ ಬಕೆಟ್ ಕಟ್ಟಿದ್ದರು, ಪಾಕ ಕಾಯಿಸುವ ಸಿಹಿ ರಸ ತೊಟ್ಟಿಕ್ಕುತ್ತಿತ್ತು. ಹೊಲದ ತನಕ ಬರುವಷ್ಟರಲ್ಲಿ ವರ್ನಾಳ ಒಂದು ಬೂಟು ಎರಡು ಸಲ ಕೆಸರಿನಲ್ಲಿ ಉಳಿದುಹೋಯಿತು. ಟಾಮ್ಸಿನ್ ತನ್ನ ಕೋಟಿನ ಮೇಲಿನ ಎರಡು ಗುಂಡಿ ಬಿಚ್ಚಿ ಹೋರೇಸನನ್ನು ಒಳಗೆ ಕೂರಿಸಿಕೊಂಡಿದ್ದಳು. ಅವನ ತಲೆ ಮಾತ್ರ ಹೊರಗೆ.

ವಿಲ್ಮಾ ಬೇಲಿಯ ಆ ಕಡೆ, ಸೊಂಟಕ್ಕೆ ಕೈ ಕೊಟ್ಟು. ಡ್ಯುಕೆಟ್ ಈ ಕಡೆ. ಅವನು ಸಣ್ಣ ದೇಹದ, ದೊಡ್ಡ ಮೀಸೆಯ ಮನುಷ್ಯ. ಒಂಬತ್ತು ವರ್ಷದ ಹಿಂದೆ ಚರ್ಚಿನ ಸಾಮೂಹಿಕ ಊಟದಲ್ಲಿ ವಿಲ್ಮಾ ಅವನು ಬೇಯಿಸಿ ತಂದ ಹುರುಳಿಯನ್ನು ಬಾಯಿಗಿಟ್ಟು, “ಇದು ಕುದುರೆಗಾ?” ಎಂದಿದ್ದಳು. ಅಂದಿನಿಂದ ಅವನು ಅವಳ ಮುಖ ನೋಡಿರಲಿಲ್ಲ.

ವಿಲ್ಮಾ ಹೋರೇಸನನ್ನು ನೋಡಿದಳು. ಅವಳ ಬಾಯಿ ತೆರೆಯಿತು. ತಾನೇ ಕೂಗಿದ ಹೆಸರು ನೆನಪಾಗಿ ಮತ್ತೆ ಮುಚ್ಚಿತು. “ನಮಸ್ಕಾರ ಪಿಂಡರ್,” ಎಂದಳು.

“ನಮಸ್ಕಾರ,” ಎಂದ ಡ್ಯುಕೆಟ್ ಕೂಡ. “ನಿಮ್ಮ ತಂದೆಯವರು ನಂಗೆ ಚೆನ್ನಾಗಿ ಗೊತ್ತು.”

ವೆಂಡೆಲ್ ಕೋಲೂರಿಕೊಂಡು ಬೇಲಿಯನ್ನು ಉದ್ದಕ್ಕೂ ನೋಡಿ ಬಂದ. ಎಲ್ಲರೂ ಅವನ ಹಿಂದೆ ನಡೆದರು, ಎಂದಿನಂತೆ ಎಲ್ಲರಿಗಿಂತ ಕೊನೆಗೆ ಟಾಮ್ಸಿನ್. ಹಳ್ಳದ ಕಡೆಗೆ ಹೋಗುವ ಅರ್ಧ ಬೇಲಿಯನ್ನು ನೋಡಿ ವರ್ನಾಗೆ ನಗು ಬಂತು. ತಂತಿಯ ಮೇಲೆ ತಂತಿ, ಹಲಗೆಯ ಮೇಲೆ ಹಲಗೆ, ಒಂದೊಂದು ಕಂಬಕ್ಕೂ ಒಂದು ಸೇರು ಮೊಳೆ. ಸೊಳ್ಳೆ ಕೂಡ ಅಡ್ಡ ತಿರುಗಿಕೊಂಡು ಹೋಗಬೇಕು. ಗುಡ್ಡದ ಕಡೆಗೆ ಹೋಗುವ ಇನ್ನರ್ಧದಲ್ಲಿ ಬೇಲಿಯೇ ಇರಲಿಲ್ಲ. ಕಂಬಗಳು ಹುಲ್ಲಿನಲ್ಲಿ ಮಲಗಿದ್ದವು. ಒಂದು ಕರು ಅಲ್ಲಿ ನಿಂತು ಡ್ಯುಕೆಟ್‌ನ ಕ್ರಿಸ್ಮಸ್ ಗಿಡದ ತುದಿಯನ್ನು ನಿಧಾನವಾಗಿ ಅಗಿಯುತ್ತಿತ್ತು.

“ಅದು ಇವಳ ಅರ್ಧ,” ಎಂದ ಡ್ಯುಕೆಟ್.

“ಯಾರು ಹೇಳಿದ್ದು? ಅದು ಅವನದು. ನನ್ನ ಅರ್ಧ ಹಳ್ಳದ ಕಡೇದು. ಪ್ರತಿ ಶರತ್ಕಾಲದಲ್ಲಿ ನಾನೇ ರಿಪೇರಿ ಮಾಡ್ತೀನಿ.”

“ಹಳ್ಳದ ಕಡೇದು ನಂದು! ಪ್ರತಿ ವಸಂತದಲ್ಲಿ ನಾನು ಮಾಡ್ತೀನಿ. ನಾನು ಹೊಡೆದ ಮೊಳೆ ಮೇಲೆ ಇವಳು ಮೊಳೆ ಹೊಡೀತಾಳೆ, ನನ್ನ ಕೆಣಕೋಕೆ!”

“ಕೆಣಕೋಕಾ? ನನ್ನ ತಂತಿ ಮೇಲೆ ತಂತಿ ಸುತ್ತೋನು ನೀನು! ಅಚ್ಚುಕಟ್ಟು ಸಾಲದು ಅಂತ ತೋರಿಸೋಕೆ!”

ವೆಂಡೆಲ್ ತಲೆ ಕೆರೆದುಕೊಂಡ. ಬೇಲಿ ಹಂಚಿಕೊಳ್ಳುವ ರೀತಿ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನೆರೆಯವರಿಬ್ಬರೂ ಬೇಲಿಯ ನಡುಮಧ್ಯದಲ್ಲಿ, ತಮ್ಮ ತಮ್ಮ ಹೊಲದಲ್ಲಿ, ಎದುರುಬದುರು ನಿಲ್ಲಬೇಕು. ಅವರವರ ಬಲಗೈ ಕಡೆಗೆ ಹೋಗುವ ಅರ್ಧ ಅವರವರದು. “ಒಂಬತ್ತು ವರ್ಷದ ಹಿಂದೆ ಹಾಗೇ ನಿಂತು ಹಂಚ್ಕೊಂಡ್ರಾ ಇಲ್ವಾ?”

“ನಿಂತ್ವಿ,” ಎಂದರು ಇಬ್ಬರೂ.

“ಹಾಗಾದ್ರೆ ಈಗಲೂ ಹಾಗೇ ನಿಲ್ಲಿ.”

ನಿಂತರು. ನಡುಮಧ್ಯದ ಕಂಬದ ಆಚೆಗೊಬ್ಬರು, ಈಚೆಗೊಬ್ಬರು. ವಿಲ್ಮಾ ಬಲಗೈ ಚಾಚಿದಳು, ಅದು ಹಳ್ಳದ ಕಡೆಗೆ ಹೋಯಿತು. ಡ್ಯುಕೆಟ್ ಬಲಗೈ ಚಾಚಿದ, ಅದೂ ಹಳ್ಳದ ಕಡೆಗೇ ಹೋಯಿತು.

“ನೋಡಿದ್ರಾ?” ಎಂದರು ಇಬ್ಬರೂ ಒಟ್ಟಿಗೆ.

ವೆಂಡೆಲ್ ಒಬ್ಬರ ಕೈ ನೋಡಿದ, ಇನ್ನೊಬ್ಬರ ಕೈ ನೋಡಿದ, ತನ್ನ ಕೈಯನ್ನೂ ಒಮ್ಮೆ ನೋಡಿಕೊಂಡ. ಲಿಯೋನಾ ಕಾನೂನಿನ ಪುಸ್ತಕದ ಹಾಳೆ ಮಗುಚಿದಳು. ಇನ್ನೂರು ವರ್ಷದಲ್ಲಿ ಇಬ್ಬರ ಬಲಗೈಯೂ ಒಂದೇ ಕಡೆ ಹೋದದ್ದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ವರ್ನಾಗೂ ತಲೆ ಗಿರ್ರೆಂದಿತು. ಮಕ್ಕಳಿಗೆ ಎಡ ಬಲ ಕಲಿಸಿ ಇಪ್ಪತ್ತಾರು ವರ್ಷವಾಗಿದ್ದವಳಿಗೆ.

“ಪಿಂಡರ್ ಏನಂತಾರೆ?” ಎಂದ ವೆಂಡೆಲ್ ಕೊನೆಗೆ.

ಟಾಮ್ಸಿನ್ ಹೋರೇಸನನ್ನು ಕೋಟಿನಿಂದ ತೆಗೆದು ನಡುಮಧ್ಯದ ಕಂಬದ ಮೇಲೆ ಕೂರಿಸಿದಳು. ಐದು ತಿಂಗಳು ಮನೆಮನೆ ತಿರುಗಿದ ಮೇಲೆ ಅವನು ಮೊದಲ ಸಲ ಬೇಲಿಯ ಮೇಲೆ ಕೂತ. ಅವಳು ಕಿವಿ ಇಟ್ಟಳು.

“ತಡೀರಿ. ಯೋಚಿಸ್ತಾ ಇದಾನೆ.”

ಕಾದರು. ಯೋಚಿಸುವ ಮನುಷ್ಯನನ್ನು ಆ ಊರಿನಲ್ಲಿ ಯಾರೂ ಅವಸರಪಡಿಸುವುದಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಬಕೆಟ್ಟುಗಳಲ್ಲಿ ಮೇಪಲ್ ರಸ ಟಪ್ ಟಪ್ ಎಂದು ಬೀಳುತ್ತಿತ್ತು. ವಿಲ್ಮಾಳೂ ಡ್ಯುಕೆಟ್ಟೂ ಚಾಚಿದ ಕೈ ಇಳಿಸಿದರೆ ಸೋತಂತೆ ಎಂದುಕೊಂಡು ಹಾಗೇ ನಿಂತಿದ್ದರು. ಟಾಮ್ಸಿನ್ ಹೋರೇಸನ ಹಿಂದೆ ನಿಂತು, ಅವನು ನೋಡುತ್ತಿದ್ದುದನ್ನೇ ತಾನೂ ನೋಡುತ್ತಿದ್ದಳು.

“ಹೋರೇಸ್ ಒಂದು ಕೇಳ್ತಾನೆ,” ಎಂದಳು ಆಮೇಲೆ. “ಮಿಸ್ಟರ್ ಡ್ಯುಕೆಟ್ ಬೆನ್ನು ಯಾಕೆ ಕಾಣ್ತಿದೆ ಅಂತ.”

“ಏನು ಯಾಕೆ?” ಎಂದ ಡ್ಯುಕೆಟ್, ತಿರುಗದೆ.

“ಎದುರುಬದುರು ನಿಂತ್ರೆ ಕಂಬದ ಮೇಲಿಂದ ಇಬ್ಬರ ಮುಖವೂ ಕಾಣ್ಬೇಕು. ವಿಲ್ಮಾ ಆಂಟಿ ನಿಮ್ಮ ಬೆನ್ನು ನೋಡ್ತಿದಾರೆ. ನಂಗೆ ಬೆನ್ನು ಗೊತ್ತಾಗತ್ತೆ. ನಾನು ಯಾವಾಗ್ಲೂ ಸಾಲಿನ ಕೊನೇಲಿರ್ತೀನಿ.”

ಎಲ್ಲರೂ ಡ್ಯುಕೆಟ್‌ನ ಬೆನ್ನು ನೋಡಿದರು. ನಿಜಕ್ಕೂ ಅದು ಬೆನ್ನೇ. ವಿಲ್ಮಾ ಅದನ್ನು ಒಂಬತ್ತು ವರ್ಷದಿಂದ ನೋಡಿ ನೋಡಿ, ಅವನ ಮುಖವೇ ಅದು ಎಂಬಷ್ಟು ರೂಢಿಯಾಗಿತ್ತು.

“ಹಂಚಿಕೊಂಡ ದಿನವೂ ಹೀಗೇ ನಿಂತಿದ್ಯೇನಯ್ಯಾ?” ಎಂದ ವೆಂಡೆಲ್.

“ಮತ್ತೆ? ನನ್ನ ಹುರುಳೀನ ಕುದುರೆಗಾ ಅಂದೋಳ ಮುಖ ನಾನು ನೋಡ್ಬೇಕಾ?”

“ತಿರುಗಬೇಕಂತೆ,” ಎಂದಳು ಟಾಮ್ಸಿನ್, ಹೋರೇಸನ ಮುಳ್ಳುಗಳಿಂದ ಕಿವಿ ತೆಗೆದು. “ಕೈ ಹಾಗೇ ಚಾಚಿರಬೇಕಂತೆ.”

ಡ್ಯುಕೆಟ್ ಊರವರ ಮಾತು ಮೀರಿಯಾನು, ಆರಿಸಿ ಬಂದ ಅಧಿಕಾರಿಯ ಮಾತು ಮೀರುವವನಲ್ಲ. ಕಣ್ಣು ಮುಚ್ಚಿಕೊಂಡು ತಿರುಗಿದ. ಅವನ ಬಲಗೈ ಹಳ್ಳವನ್ನು ಬಿಟ್ಟು, ವರ್ನಾಳನ್ನು ದಾಟಿ, ಲಿಯೋನಾಳ ಟೋಪಿ ತಟ್ಟಿ ಬೀಳಿಸಿ, ಗುಡ್ಡದ ಕಡೆಗೆ ಬಂದು ನಿಂತಿತು. ಕಣ್ಣು ಬಿಟ್ಟ. ತನ್ನ ಬೆರಳ ತುದಿಯ ಆಚೆಗೆ ಮಲಗಿದ ಕಂಬಗಳನ್ನೂ ಗಿಡ ಅಗಿಯುತ್ತಿದ್ದ ಕರುವನ್ನೂ ನೋಡಿದ.

“ಅಯ್ಯೋ ದೇವರೇ,” ಎಂದ. “ಒಂಬತ್ತು ವರ್ಷ ನಾನು ಇವಳ ಬೇಲಿ ಕಟ್ಟಿದೀನಿ.”

“ಚೆನ್ನಾಗೇ ಕಟ್ಟಿದೀಯ,” ಎಂದಳು ವಿಲ್ಮಾ. ನಗು ತಡೆಯಲಾಗದೆ ಅವಳು ಕಂಬ ಹಿಡಿದುಕೊಂಡಳು, ಹೋರೇಸ್ ಅಲ್ಲಾಡಿದ. “ನಿನಗೆ ವಯಸ್ಸಾಗಿದೆಯಲ್ಲೋ! ಮೀಸೆ ಯಾವಾಗ ಬೆಳ್ಳಗಾಯ್ತು?”

“ಈಗ ನಿನ್ನ ಮುಖ ನೋಡದೆ ಇದ್ದಿದ್ರೆ ಇನ್ನೂ ಕಪ್ಪಗಿರ್ತಿತ್ತು,” ಎಂದ ಡ್ಯುಕೆಟ್. ಆದರೆ ಮತ್ತೆ ಬೆನ್ನು ತಿರುಗಿಸಲಿಲ್ಲ. ಕರುವನ್ನು ಓಡಿಸಲು ಇಬ್ಬರೂ ಒಟ್ಟಿಗೆ ಹೋದರು, ದಾರಿಯುದ್ದಕ್ಕೂ ಹುರುಳಿಯನ್ನು ಎಷ್ಟು ಹೊತ್ತು ನೆನೆಸಬೇಕು ಎಂದು ಬೈದಾಡಿಕೊಂಡು.

ವರ್ನಾ ಟಾಮ್ಸಿನ್ ಕಡೆಗೆ ನೋಡಿದಳು. ಆಗಲೇ ಆ ಹುಡುಗಿ ಹೋರೇಸನನ್ನು ಕಂಬದಿಂದ ಇಳಿಸಿ, ಕೋಟಿನೊಳಗೆ ಸೇರಿಸಿ, ಗುಂಡಿ ಹಾಕಿಕೊಳ್ಳುತ್ತಿದ್ದಳು.

“ಕೆಲಸ ಮುಗೀತಾ?” ಎಂದಳು.

“ಮುಗೀತು,” ಎಂದಳು ಲಿಯೋನಾ, ಕೆಸರು ಮೆತ್ತಿದ ಟೋಪಿ ಒರೆಸಿಕೊಳ್ಳುತ್ತಾ.

“ಹಾಗಾದ್ರೆ ಈಗಿಂದ ಸೋಮವಾರದವರೆಗೂ ಅವನು ಬರೀ ಹೋರೇಸ್, ಅಲ್ವಾ?”

ಲಿಯೋನಾ ಒಂದು ಕ್ಷಣ ಕಾನೂನಿನ ಪುಸ್ತಕದ ಕಡೆಗೆ ನೋಡಿ, ಅದನ್ನು ಮುಚ್ಚಿದಳು. “ಹೂಂ. ಬರೀ ಹೋರೇಸ್.”

*

ಸೋಮವಾರ ಟಾಮ್ಸಿನ್ ತರಗತಿಯ ಮುಂದೆ ನಿಂತು ಓದಿದಳು. ಹಿಂದಿನ ಬೆಂಚಿನಲ್ಲಿ ಲಿಯೋನಾಳೂ ಕಾಲು ಚಾಚಿಕೊಂಡ ವೆಂಡೆಲ್ಲೂ ಕೂತಿದ್ದರು. ಅವರ ಪಕ್ಕದಲ್ಲಿ ವಿಲ್ಮಾಳೂ ಡ್ಯುಕೆಟ್ಟೂ, ಚಿಕ್ಕ ಮಕ್ಕಳ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗಿಸಿಕೊಂಡು.

“ಶನಿವಾರ ಹೋರೇಸ್ ಕೆಲಸಕ್ಕೆ ಹೋದ. ಹಳ್ಳದ ಕಡೆಯ ಅರ್ಧ ವಿಲ್ಮಾ ಬ್ಯಾಚೆಲ್ಡರ್ ಅವರದು. ಗುಡ್ಡದ ಕಡೆಯ ಅರ್ಧ ಮಿಸ್ಟರ್ ಡ್ಯುಕೆಟ್ ಅವರದು. ಹಳ್ಳದ ಕಡೆ ಹಲಗೆಗಳು ಜಾಸ್ತಿ ಇವೆ, ಅದರಲ್ಲಿ ಅರ್ಧ ಕಿತ್ತು ಗುಡ್ಡದ ಕಡೆ ಹಾಕಬೇಕು. ಇಬ್ಬರೂ ಸೇರಿ ಹಾಕಬೇಕು, ಯಾಕಂದ್ರೆ ಮೊಳೆ ಯಾರದು ಅಂತ ಯಾರಿಗೂ ಗೊತ್ತಿಲ್ಲ. ಆಮೇಲೆ ನಾವು ಮನೆಗೆ ಹೋಗಿ ಪ್ಯಾನ್‌ಕೇಕ್ ತಿಂದೆವು. ಮನೆಯಲ್ಲಿ ಎಲ್ಲ ಪೆಟ್ಟಿಗೆಗೆ ಹಾಕಿಯಾಗಿತ್ತು, ತಟ್ಟೆ ಒಂದೇ ಇತ್ತು. ಹೋರೇಸ್ ಖಾಲಿ ಕೋಣೆಯಲ್ಲಿ ನನ್ನ ಜೊತೆ ಕೂತ. ಭಾನುವಾರ ನಾವು ಏನೂ ಮಾಡಲಿಲ್ಲ. ಬೇರೆಯವರ ಮನೆಯಲ್ಲಿ ಅವನಿಗೆ ತುಂಬಾ ಕೆಲಸ ಇತ್ತು. ನಮ್ಮ ಮನೆಯಲ್ಲಿ ಅವನು ಯೋಚಿಸಿ ಮುಗಿಸಿದ.”

“ಏನು ಯೋಚಿಸಿದನಂತೆ?” ಎಂದು ಡ್ಯೂಯಿ ಕೇಳಿದ.

“ಅದು ನಂಗೆ ಮಾತ್ರ ಹೇಳಿದಾನೆ,” ಎಂದಳು ಟಾಮ್ಸಿನ್.

ಲಿಯೋನಾ ಎದ್ದು ಬಂದು ನೋಟ್‌ಬುಕ್ ತೆಗೆದುಕೊಂಡಳು. ತೀರ್ಪು ಬರೆದ ಪುಸ್ತಕ ಊರಿನ ದಾಖಲೆ, ಅದು ಕಬ್ಬಿಣದ ಕೋಣೆಯಲ್ಲಿರಬೇಕು, ಡೋನಟ್‌ಗಳ ಸಮೇತ. ವರ್ನಾ ಬೇಡವೆನ್ನಲಿಲ್ಲ. ಹಳೆಯ ಬೇಲಿ ತೀರ್ಪುಗಳ ಪುಸ್ತಕ ನಲವತ್ತೊಂದು ವರ್ಷದ ಹಿಂದೆಯೇ ತುಂಬಿಹೋಗಿದ್ದರಿಂದ ಹೊಸ ಸಂಪುಟ ತೆರೆಯಬೇಕಾಯಿತು. ಅದರ ಮೊದಲ ಪುಟದ ಮೊದಲ ಸಾಲಿನಲ್ಲಿ, ಬರೆದವರ ಹೆಸರು ಎಂಬಲ್ಲಿ, ಟಾಮ್ಸಿನ್ ತನ್ನ ಪೆನ್ಸಿಲಿನಿಂದ ಬರೆಯಲು ಹೋದಳು. ಲಿಯೋನಾ ಅವಳ ಕೈ ಹಿಡಿದು ನಿಲ್ಲಿಸಿ, ತನ್ನ ಶಾಯಿಯ ಲೇಖನಿ ಕೊಟ್ಟಳು.

ಈಗಲೂ ಮಂಗಳವಾರದ ಓದಿನ ಪೀರಿಯಡ್ಡಿಗೆ ವರ್ನಾಳ ತರಗತಿಯ ಮಕ್ಕಳು ಸಾಲಾಗಿ ಊರ ಆಫೀಸಿಗೆ ಹೋಗುತ್ತಾರೆ. ಜಮೀನಿನ ದಾಖಲೆ ನೋಡಲು ಬಂದ ವಕೀಲರು ಬಾಗಿಲಲ್ಲಿ ಕಾಯುತ್ತಾರೆ, ಒಳಗೆ ಯಾವುದೋ ಮಗು ಒಳಚಡ್ಡಿಯ ಪುಟವನ್ನು ಗಟ್ಟಿಯಾಗಿ ಓದುತ್ತಿರುತ್ತದೆ. ಬರುವ ಮಾರ್ಚಿಯಲ್ಲಿ ಪಿಂಡರ್ ಅವರು ಮತ್ತೆ ನಿಲ್ಲುತ್ತಾರೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಲಿಯೋನಾ ಕಿಟಕಿಯ ಕಟ್ಟೆಯ ಮೇಲೆ ಕೂತ ಹೋರೇಸನ ಕಡೆಗೆ ನೋಡುತ್ತಾಳೆ.

“ಕೇಳಿದೀನಿ,” ಎನ್ನುತ್ತಾಳೆ. “ಇನ್ನೂ ಏನೂ ಹೇಳಿಲ್ಲ.”